ಸಿನೆಮಾದ ಫೌಜಿ, ನಮ್ಮ ಮನೆಯ ಫೌಜಿ

ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು, ಗಡಿಯ ಗುಡ್ಡಗಳಲ್ಲಿ ನಡೆದ ಯುದ್ಧವನ್ನೂ ಕಂಡ ನಮ್ಮ ಕಾಕಾ ನಿವೃತ್ತನಾಗಿ ಬರುವ ದಿನ ಗೊತ್ತಾದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಮ್ಮ ಕಡೆ ಫೌಜಿ ಮರಳಿದರೆ ಅವನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಅರಿಶಿನದ ಭಂಡಾರ ಎರಚಿ, ಹೆದ್ದಾರಿಯಿಂದ ಊರದಾರಿ ಒಡೆಯುವ ಫಾಟಾದಿಂದ ಮನೆಯವರೆಗೆ ಮೆರವಣಿಗೆ ಮಾಡುತ್ತಾರೆ. ಅದರ ಉಸ್ತುವಾರಿ ನನ್ನ ಪಾಲಿಗೆ ಬಂತು. ಕಾರಣ ಒಂದೇ: ಕುರಿ ಕಾಯುವ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವರಲ್ಲಿ ನಾನೇ ಮೊದಲು. ಕನ್ನಡ ಶಾಲೆಯಲ್ಲಿ ಓದಿ, ಮಹಾರಾಷ್ಟ್ರದ ಜತ್ತದ ಕಾಲೇಜಿನಲ್ಲಿ ಮರಾಠಿ ಪಾಠ ಕೇಳಿ, ಒಂದು ವರ್ಷ ಫೇಲಾಗಿ, ಮತ್ತೆ ಕುಳಿತು ಪಾಸಾದವಳು ನಾನು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಅಪ್ಪನಂತೂ ಬಂದವರಿಗೆಲ್ಲ ಹೇಳುತ್ತಿದ್ದ: “ಕಲತಾಕಿ ಅದಾಳ್ರಿ. ಆಕಿ ಹೇಳಿದ್ಹಂಗ ಆಗ್ಲಿ.”

ಅಷ್ಟರಲ್ಲಿ ಕಾಕಾನ ಫೋನು ಬಂತು.

“ಅಣ್ಣಾ, ನಾ ಬಂದ ಮ್ಯಾಲ ಕುರಿ ನಾನ ಕಾಯ್ತೀನಿ. ನಿನಗ ಮೊಳಕಾಲ ಬ್ಯಾನಿ ಐತಿ, ನೀ ಮನ್ಯಾಗ ಇರು.”

“ಹುಚ್ಚದಿಯೇನ? ಫೌಜಿ ಬಂದು ಕುರಿ ಹಿಂದ ಹೊಂಟಾನ ಅಂತ ಮಂದಿ ನಗೂದಿಲ್ಲೇನ? ಕಟ್ಟಿ ಮ್ಯಾಲ ಕುಂತು ಚಹಾ ಕುಡಿ.”

“ಇಪ್ಪತ್ತು ವರ್ಷ ಅದನ್ನ ನೆನಸೀನಿ ಅಣ್ಣಾ. ಇದೊಂದಕ್ಕ ಬ್ಯಾಡ ಅನಬ್ಯಾಡ.”

ಅಪ್ಪ ಫೋನು ಕಟ್ ಮಾಡಿದ. ನಾನೂ ಅಪ್ಪನ ಕಡೆಗೇ ನಿಂತೆ. ಯುದ್ಧದಿಂದ ಮರಳಿದವರನ್ನು ನಾನು ಕಂಡದ್ದು ಸಿನೆಮಾದಲ್ಲಿ ಮಾತ್ರ. ಅಲ್ಲಿ ಎರಡೇ ಜಾತಿ. ಒಬ್ಬ ಬಸ್ಸಿನಿಂದ ಇಳಿದ ಕೂಡಲೇ ಊರ ಗೌಡನ ಗೂಂಡಾಗಳನ್ನು ಹೊಡೆದು ಕೆಡವುತ್ತಾನೆ. ಇನ್ನೊಬ್ಬ ಕತ್ತಲ ಕೋಣೆಯಲ್ಲಿ ಕುಳಿತು ಗೋಡೆ ನೋಡುತ್ತಾನೆ, ಪಾತ್ರೆ ಬಿದ್ದರೂ ಬೆಚ್ಚಿಬೀಳುತ್ತಾನೆ. ಕುರಿ ಕಾಯುವ ಫೌಜಿ ಯಾವ ಪರದೆಯ ಮೇಲೂ ಇರಲಿಲ್ಲ. ಕಾಕಾ ಮೊದಲನೆಯವನಾಗಲಿ ಎಂದು ಆಸೆ, ಎರಡನೆಯವನಾದರೆ ಹೇಗೆಂದು ಭಯ. ಹಾಗಾಗಿ ಎರಡಕ್ಕೂ ತಯಾರಿ ಮಾಡಿದೆ. ಯೂನಿಫಾರ್ಮ್ ಹಾಕಿಕೊಂಡೇ ಬರಬೇಕೆಂದು ಕಾಕಾನಿಗೆ ಹೇಳಿದೆ. ಪಟಾಕಿ ಮಾತ್ರ ಯಾರೂ ಹಚ್ಚಕೂಡದೆಂದು ಮನೆಮನೆಗೆ ಹೋಗಿ ತಾಕೀತು ಮಾಡಿದೆ.

ಅಷ್ಟಕ್ಕೇ ಬಿಡದೆ ಮೆರವಣಿಗೆಯ ವಿಡಿಯೊದಲ್ಲಿ ಚಂದ ಕಾಣಲೆಂದು ನಮ್ಮ ಎಂಬತ್ತು ಕುರಿಗಳನ್ನೂ ದಾರಿಯ ತಿರುವಿನಲ್ಲಿ ನಿಲ್ಲಿಸಲು ಹೇಳಿದೆ. ಹಿಂದೆ ಸಂಜೆಯ ಬಿಸಿಲು, ಮುಂದೆ ಕುರಿ, ನಡುವೆ ಜೀಪು!

“ಯವ್ವಾ, ಬಾಜಾದ ಸಪ್ಪಳಕ್ಕ ಕುರಿ ನಿಲ್ಲೂದಿಲ್ಲ,” ಎಂದ ಅಪ್ಪ.

“ನಿಲ್ತಾವಪ್ಪಾ, ಸಿನೆಮಾದಾಗ ನಿಂತಿರ್ತಾವ.”

ಹುಟ್ಟಿದಾಗಿನಿಂದ ಕುರಿಗಳ ನಡುವೆ ಬದುಕಿದ ಮನುಷ್ಯ ಡಿಗ್ರಿಗೆ ಮರ್ಯಾದೆ ಕೊಟ್ಟು ಕುರಿಗಳನ್ನು ತಿರುವಿಗೆ ಹೊಡೆದುಕೊಂಡು ಹೋದ.

ಮೆರವಣಿಗೆ ಫಾಟಾ ಬಿಟ್ಟಾಗ ನನ್ನ ಎದೆ ಡೊಳ್ಳಿನಂತೆ ಬಡಿಯುತ್ತಿತ್ತು. ಹಳದಿ ಮಳೆ! ಕಾಕಾನ ಟೊಪ್ಪಿಗೆ, ಮೀಸೆ, ಪದಕಗಳೆಲ್ಲ ಭಂಡಾರದಲ್ಲಿ ಮುಳುಗಿದ್ದವು. ಜೀಪು ತಿರುವಿಗೆ ಬಂತು. ಅಲ್ಲಿ ಯಾರೋ ತಡೆಯಲಾಗದೆ ಒಂದು ಪಟಾಕಿ ಸರಕ್ಕೆ ಕಿಡಿ ತಾಗಿಸಿಬಿಟ್ಟರು.

ಕಾಕಾ ಈಗ ಕಿವಿ ಮುಚ್ಚಿ ಕುಸಿಯುತ್ತಾನೆ ಎಂದುಕೊಂಡು ನಾನು ಅವನ ಕೈ ಹಿಡಿಯಲು ಓಡಿದೆ. ಜೀಪು ಖಾಲಿ. ಎಂಬತ್ತೂ ಕುರಿಗಳು ಜಾಲಿಕಂಟಿಯ ಕಡೆ ನುಗ್ಗಿದ್ದವು. ಆಚೆಗೆ ಆಳವಾದ ಹಾಳುಬಾವಿ. ಅಪ್ಪ ಕುಂಟುತ್ತಾ, ಕೂಗುತ್ತಾ ಅವುಗಳ ಹಿಂದೆ ಓಡುತ್ತಿದ್ದ. ಕೂಗಿದಷ್ಟೂ ಕುರಿ ಬೆದರುತ್ತಿದ್ದವು.

“ಅಣ್ಣಾ, ಬೆನ್ನಹತ್ತಬ್ಯಾಡ! ನಿಲ್ಲು!”

ಕಾಕಾ ಬಳಸು ದಾರಿಯಲ್ಲಿ ಓಡಿ ಕುರಿಗಳಿಗಿಂತ ಮುಂದೆ ಬಂದ. ಬಾವಿಗೆ ಹತ್ತು ಹೆಜ್ಜೆ ಇರುವಾಗ ಮುಂದಿನ ಟಗರಿನ ಕೊಂಬು ಹಿಡಿದು ಅದರ ಮುಖ ತಿರುಗಿಸಿದ. ಆಮೇಲೆ ಅವುಗಳಿಗೆ ಬೆನ್ನು ಹಾಕಿ, ಏನೂ ಆಗಿಲ್ಲವೆಂಬಂತೆ ನಿಧಾನ ನಡೆಯತೊಡಗಿದ. ಟಗರು ಅವನ ಹಿಂದೆ ನಡೆಯಿತು. ಟಗರಿನ ಹಿಂದೆ ಒಂದು, ಎರಡು, ಕಡೆಗೆ ಎಂಬತ್ತೂ. ನಾನು ಕುಣಿಯುವುದೊಂದು ಬಾಕಿ!

“ಎಲ್ಲಿ ಕಲತಿ ಕಾಕಾ ಇದನ್ನ?” ಎಂದು ಏದುಸಿರು ಬಿಡುತ್ತಾ ಕೇಳಿದೆ.

“ಯುದ್ಧದಾಗ. ನಾ ಸಾಮಾನು ಹೊರೂ ಹೇಸರಗತ್ತಿ ನಡಸಾವ ಇದ್ದೆ. ಗುಡ್ಡದ ಮ್ಯಾಲಿನ ಮಂದಿಗೆ ರೊಟ್ಟಿ, ನೀರು, ಮದ್ದುಗುಂಡು ಒಯ್ಯಬೇಕು. ತೋಪಿನ ಗುಂಡು ಬಿದ್ದಾಗ ಹೇಸರಗತ್ತಿ ಬೆದರಿ ಓಡ್ತಾವ. ನಾವು ಓಡಿದ್ರ ಅವು ಕಣಿವ್ಯಾಗ ಬೀಳ್ತಾವ. ನಾವು ನಡದ್ರ ನಡೀತಾವ.”

“ನಿನಗ ಅಂಜಿಕಿ ಬರಲಿಲ್ಲೇನ?”

“ಬಂದಿತ್ತು. ಹೇಸರಗತ್ತಿಗೆ ತೋರಸಲಿಲ್ಲ, ಅಷ್ಟ.” ಮೀಸೆಯ ಭಂಡಾರ ಒರೆಸಿಕೊಂಡು ನಕ್ಕ. “ಯಾಕ, ನಿನ್ನ ಸಿನೆಮಾದಾಗ ಗುಡ್ಡದ ಮ್ಯಾಲ ರೊಟ್ಟಿ ತಾವ ಹಾರಿ ಬರ್ತಾವೇನ?”

ಅಷ್ಟೆಲ್ಲ ಸಿನೆಮಾ ನೋಡಿದ ನಾನು ಆ ಗುಡ್ಡದ ಮೇಲಿನವರು ಏನು ಉಣ್ಣುತ್ತಾರೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಗ ಗುಂಪಿನಿಂದ ಒಬ್ಬ, ಅಪ್ಪ ಹೆದರಿದ್ದ ಅದೇ ಮಾತನ್ನು ಕೂಗಿದ: “ನೋಡ್ರಪಾ ನೋಡ್ರಿ, ಫೌಜಿ ಬಂದ ದಿನಾನ ಕುರಿ ಕಾಯಾಕ ಹೊಂಟಾನ!”

ನಗು ಎದ್ದಿತು. ಕಾಕಾ ನಡೆಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದ. ಗುಂಡು ಬಿದ್ದಾಗಲೂ ಅಂಜಿಕೆ ತೋರಿಸದವನ ಕಣ್ಣಲ್ಲಿ ಅಂಜಿಕೆ ನಾನು ಕಂಡದ್ದು ಅದೊಂದೇ ಸಲ.

ಅಪ್ಪ ಕುಂಟುತ್ತಾ ಮುಂದೆ ಬಂದ. “ಹೌದಲೇ, ಕಾಯ್ತಾನ,” ಎಂದ ಗಟ್ಟಿಯಾಗಿ. “ನಿಮ್ಮ ಮನ್ಯಾಗ ಹಿಂಗ ಕಾಯಾವ ಒಬ್ಬರ ಇದ್ರ ತೋರಸ್ರಿ!” ಆಮೇಲೆ ನನ್ನ ಕಡೆ ತಿರುಗಿದ. “ನೀ ಏನ ನೋಡ್ಕೋತ ನಿಂತಿ? ಕುರಿ ಬರಾಕತ್ತಾವ. ಓಡು, ದೊಡ್ಡಿ ಬಾಗಲಾ ತಗಿ!”

ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ನಾನು ಓಡಿದೆ.