ಪೀಚ್ ಗೋಡೆಯ ಮೊಳೆಗಳು

ಮಾರ್ಡಲ್ ಹಾಲ್ ಎಂಬ ದೊಡ್ಡ ಮನೆಯ ಚಾವಣಿಯಿಂದ ಸೀಸದ ತಗಡು ಕೀಳಲು ಆಳುಗಳು ಬಂದ ದಿನ ಹೆಸ್ಟರ್ ಪಾಸ್ಕ್ ಪೀಚ್ ಗಿಡಗಳ ಹೀಚು ಕೀಳುತ್ತಿದ್ದಳು. ಗೇಣಿಗೊಂದು ಕಾಯಿ ಉಳಿಸಿ ಮಿಕ್ಕಿದ್ದನ್ನು ಬುಟ್ಟಿಗೆ ಹಾಕಬೇಕು. ಜೂನ್ ತಿಂಗಳ ಕೆಲಸ ಅದು. ಒಂದೊಂದು ತಗಡು ಕೆಳಗೆ ಬಿದ್ದಾಗಲೂ ಕಾಲಡಿಯ ನೆಲ ಅದುರುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.

ಅವಳು ಈ ತೋಟಕ್ಕೆ ಬಂದದ್ದು ೧೯೧೬ರಲ್ಲಿ, ಹದಿನೇಳು ತುಂಬಿದಾಗ. ಗಂಡಸರೆಲ್ಲ ಯುದ್ಧಕ್ಕೆ ಹೋಗಿ ಹದಿನಾಲ್ಕು ಆಳಿದ್ದ ಕಡೆ ಮೂವರು ಉಳಿದಿದ್ದರು. ತೋಟದ ಮೇಸ್ತ್ರಿ ಗಾಟ್ಸ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹೆಂಗಸರಿಂದ ಆಗೋ ಕೆಲಸ ಅಲ್ಲ ಇದು. ಸರಿ, ಹಿಡಿ," ಎಂದು ಒಂದು ಸುತ್ತಿಗೆ, ಒಂದು ಚೀಲ ಮೊಳೆ, ಒಂದು ಚೀಲ ಬಟ್ಟೆಚೂರು ಕೊಟ್ಟಿದ್ದ. ಪೀಚ್ ರೆಂಬೆಗಳನ್ನು ಬೀಸಣಿಗೆಯ ಹಾಗೆ ಗೋಡೆಗೆ ಹರಡಿ, ಒಂದೊಂದಕ್ಕೂ ಬಟ್ಟೆ ಸುತ್ತಿ ಮೊಳೆ ಹೊಡೆಯಬೇಕು. ಚಳಿಗಾಲ ಬಂದರೆ ಎಲ್ಲ ಬಿಚ್ಚಿ, ಸವರಿ, ಮತ್ತೆ ಹೊಡೆಯಬೇಕು. ಯುದ್ಧ ಮುಗಿದ ಮೇಲೆ ಹಿಂತಿರುಗಿದವರು ಇಬ್ಬರೇ. ಹಾಗಾಗಿ ಅವಳನ್ನು ಹೋಗೆನ್ನುವವರು ಯಾರೂ ಇರಲಿಲ್ಲ.

ಮನೆಯ ಚರಿತ್ರೆ ಅವಳಿಗೆ ತಿಳಿದದ್ದೆಲ್ಲ ಗಾಟ್ಸ್‌ನ ಗೊಣಗಾಟದಿಂದ. "ಒಬ್ಬ ಧಣಿ ಕೆರೆ ತೋಡಿಸೋಕೆ ಊರಿನ ರಸ್ತೇನೇ ಆಚೆ ತಳ್ಳಿದ. ಅವನ ಮಗ ಹೂವಿನ ಪಾತಿ ಕಿತ್ತಾಕಿ ಹುಲ್ಲು ಬೆಳೆಸಿದ. ಮೊಮ್ಮಗನ ಹೆಂಡ್ತಿ ಹುಲ್ಲು ಕಿತ್ತಾಕಿ ಮತ್ತೆ ಪಾತಿ ಮಾಡಿಸಿದ್ಲು. ಅವರು ಹೇಳೋದು, ನಾವು ಅಗೆಯೋದು. ಇನ್ನೂರು ವರ್ಷದಿಂದ ಇದೇ ಹಾಡು!"

ಗಾಟ್ಸ್ ಸತ್ತ ಮೇಲೆ ಕೆಲಸವೆಲ್ಲ ಅವಳ ತಲೆಗೆ ಬಂತು. ಮೇಸ್ತ್ರಿ ಎಂಬ ಹೆಸರು ಬರಲಿಲ್ಲ. ಎರಡನೆಯ ಯುದ್ಧದಲ್ಲಿ ಸೈನ್ಯ ಆ ಮನೆಯಲ್ಲಿ ಬೀಡುಬಿಟ್ಟಿತು. ಅವರು ಬಿಟ್ಟುಹೋಗುವಾಗ ನೆಲದ ಹಲಗೆ ಕೊಳೆತಿತ್ತು, ಗೋಡೆ ನೆನೆದಿತ್ತು. ದೊಡ್ಡ ಧಣಿ ತೀರಿಕೊಂಡ ಮೇಲೆ ಮಗ ಆಂಬ್ರೋಸ್ ವಿಂಟರ್ ಮನೆ ಉಳಿಸಿಕೊಳ್ಳಲು ಏಳು ವರ್ಷ ಹೆಣಗಿದ. ಕೊನೆಗೆ ಆ ವಸಂತದಲ್ಲಿ ಒಂದು ದಿನ ಟೋಪಿಯನ್ನು ಕೈಯಲ್ಲಿ ಹಿಡಿದು ತೋಟಕ್ಕೆ ಬಂದ.

"ಹೆಸ್ಟರ್, ಮನೆ ಮಾರಿಬಿಟ್ಟೆ."

"ಹೂಂ ಧಣಿ."

"ಕೆಡವೋರಿಗೆ."

"ಕೇಳ್ದೆ. ತೋಟದ ಗೋಡೆ?"

"ಗೋಡೇನೂ ಸೇರಿಸಿ. ಹಳೇ ಇಟ್ಟಿಗೆಗೆ ಗಿರಾಕಿ ಇದ್ದಾರಂತೆ."

ಹೇಳುತ್ತಾ ಹೇಳುತ್ತಾ ಅವನ ಕಣ್ಣು ತುಂಬಿತು. ಐವತ್ತು ದಾಟಿದ ಗಂಡಸು ಎದುರಿಗೆ ನಿಂತು ಅತ್ತರೆ ಏನು ಮಾಡಬೇಕೆಂದು ಹೆಸ್ಟರ್‌ಗೆ ತಿಳಿಯಲಿಲ್ಲ. ಬಗ್ಗಿ ಎರಡು ಲೆಟಿಸ್ ಸೊಪ್ಪಿನ ಗಿಡ ಕಿತ್ತು, ಮಣ್ಣು ಕೊಡವಿ ಅವನ ಕೈಗಿಟ್ಟಳು. "ತಗೊಂಡ್ಹೋಗಿ. ಇಲ್ದಿದ್ರೆ ಹೂ ಬಿಟ್ಟು ಕಹಿಯಾಗ್ಬಿಡುತ್ತೆ."

ಕೆಡವುವವರ ಮೇಸ್ತ್ರಿ ಲೆನ್ ಟೂಲಿ ಕೆಟ್ಟವನಲ್ಲ. ಹಣ್ಣಾಗುವವರೆಗೆ ಗೋಡೆಯ ತಂಟೆಗೆ ಬರಲಿಲ್ಲ. ಆಗಸ್ಟ್‌ನಲ್ಲಿ ಅವನ ಆಳುಗಳೆಲ್ಲ ಕಲ್ಲಿನ ರಾಶಿಯ ಮೇಲೆ ಕೂತು ಗದ್ದದಿಂದ ರಸ ಸೋರಿಸಿಕೊಂಡು ಪೀಚ್ ತಿಂದರು. ಸೆಪ್ಟೆಂಬರಿನಲ್ಲಿ ಗರಗಸ ತಂದು ಗಿಡಗಳನ್ನು ಕತ್ತರಿಸಿದರು. ಬೆತ್ತಲೆ ಗೋಡೆಯನ್ನು ನೋಡಿ ಟೂಲಿ ಹಣೆ ಚಚ್ಚಿಕೊಂಡ.

"ಮೊಳೆ ಇರೋ ಇಟ್ಟಿಗೆ ಯಾರು ತಗೋತಾರೆ? ಯಾರಮ್ಮಾ ಆ ಪುಣ್ಯಾತ್ಮ, ಇಷ್ಟೊಂದು ಹೊಡೆದಿರೋನು?"

"ನಾನೇ."

ಟೂಲಿ ಕಿವಿ ಕೆರೆದುಕೊಂಡ. "ಹಾಗಾದ್ರೆ ಕೀಳೋದಕ್ಕೂ ನೀವೇ ಬಂದ್ಬಿಡಿ. ದಿನಗೂಲಿ ಕೊಡ್ತೀನಿ."

ಅವಳು ಒಪ್ಪಿದಳು. ರಾತ್ರಿ ಊಟದ ಹೊತ್ತಿಗೆ ಅಕ್ಕ ಮೇಬಲ್ ತಟ್ಟೆ ಕುಕ್ಕಿದಳು. "ಮೂವತ್ತೇಳು ವರ್ಷ ಅದಕ್ಕೇ ಅಂಟ್ಕೊಂಡಿದ್ದೆ. ಈಗ ಅವರ ಜೊತೆ ಸೇರಿ ಕೀಳೋಕೆ ಹೊರಟಿದೀಯಲ್ಲ, ನಿನ್ ಎದೇಲಿರೋದು ಕಲ್ಲೇನೇ?"

"ಕೆಲಸ ಅಷ್ಟೇ ಮೇಬಲ್. ಉಪ್ಪು ಕೊಡು."

ಮೂರು ವಾರ ಹಿಡಿಯಿತು. ಮೇಲುಗಡೆ ಅವಳ ದುಂಡು ಮೊಳೆಗಳು. ಒಳಗೆ ಹೂತುಹೋದವು ಅವಳಿಗಿಂತ ಮುಂಚಿನವರು ಹೊಡೆದ ಚೌಕಾಕಾರದವು, ತುಕ್ಕು ಹಿಡಿದು ಹೆಬ್ಬೆರಳಷ್ಟು ದಪ್ಪಗಾಗಿದ್ದವು. ಅವಳದೇ ಒಂದು ಮೊಳೆಯಲ್ಲಿ ಹಸಿರು ಬಟ್ಟೆಚೂರು ಸಿಕ್ಕಿತು. ಅದು ಅವಳ ಅಮ್ಮನ ಕೋಟಿನದು. ಅಮ್ಮ ಸತ್ತ ವರ್ಷ ತಾನೇ ಹರಿದು ತಂದಿದ್ದಳು. ಹೆಸ್ಟರ್ ಅದನ್ನು ಅಂಗೈಯಲ್ಲಿಟ್ಟುಕೊಂಡು, ಒಳಗೆ ಏನಾದರೂ ಆಗುತ್ತದೋ ಎಂದು ಸ್ವಲ್ಪ ಹೊತ್ತು ಕಾದಳು. ಏನೂ ಆಗಲಿಲ್ಲ. ಬಕೆಟ್ಟಿಗೆ ಹಾಕಿದಳು.

ಮನೆ ಕೆಡವುವಾಗ ತಿರುಗಿ ನೋಡದವಳು ಗೋಡೆ ಕೆಡವಿದ ದಿನ ಮಾತ್ರ ನೋಡಲು ಹತ್ತಿರ ಹೋದಳು. ಗೋಡೆಯ ಒಡಲು ಟೊಳ್ಳು. ಒಳಗೆಲ್ಲ ಕಾಡಿಗೆಯಂಥ ಮಸಿ.

"ಹಿಂದಿನ ಕಾಲದಲ್ಲಿ ಇದರೊಳಗೆ ಬೆಂಕಿ ಹಾಕ್ತಿದ್ರು," ಎಂದ ಟೂಲಿ. "ಹಿಮಕ್ಕೆ ಹೂ ಕರಟಿಹೋಗದ ಹಾಗೆ. ಗೊತ್ತಿರಲಿಲ್ವಾ?"

"ಇಲ್ಲ. ಯಾರೂ ಹೇಳಲಿಲ್ಲ." ಚಳಿಯ ರಾತ್ರಿಗಳಲ್ಲಿ ಏಣಿ ಹತ್ತಿ ಗಿಡಗಳಿಗೆ ಹಳೇ ಬಲೆ ಹೊದಿಸುತ್ತಿದ್ದುದು ನೆನಪಾಯಿತು. ಬೆರಳಿಂದ ಮಸಿ ಮುಟ್ಟಿ, ಲಂಗಕ್ಕೆ ಒರೆಸಿಕೊಂಡಳು. ಇಟ್ಟಿಗೆ ರಾಶಿಯ ಮೇಲೆ ಕೂತಳು. ಟೂಲಿ ಚಹಾ ತಂದುಕೊಟ್ಟ. ಕುಡಿದು ಎದ್ದಳು.

ಆಮೇಲೆ ಅವಳಿಗೆ ಪಕ್ಕದ ಪಟ್ಟಣದ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ಬೆಚ್ಚಗಿನ ಜಾಗ, ದೂರಲು ಏನೂ ಇರಲಿಲ್ಲ. ಐದಾರು ವರ್ಷದ ಮೇಲೆ ಅಲ್ಲಿನ ಮಹಿಳಾ ಸಂಘದವರು ಮಾರ್ಡಲ್ ಹಾಲ್‌ನ ಮನೆ, ತೋಟದ ಬಗ್ಗೆ ಮಾತಾಡಲು ಕರೆದರು. ಅವಳು ಒಂದು ಹಾಳೆ ಬರೆದುಕೊಂಡು ಹೋಗಿ, ಕೆರೆ, ರಸ್ತೆ, ಪಾತಿ, ಸೈನ್ಯ ಎಲ್ಲವನ್ನೂ ಏಳೇ ನಿಮಿಷದಲ್ಲಿ ಓದಿ ಮುಗಿಸಿದಳು.

"ಆ ಮನೆ ಬಿದ್ದಾಗ ನಿಮಗೆ ಏನನ್ನಿಸ್ತು, ಮಿಸ್ ಪಾಸ್ಕ್?" ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು.

ಹೆಸ್ಟರ್ ಪ್ರಾಮಾಣಿಕವಾಗಿ ಯೋಚಿಸಿದಳು.

"ಧೂಳು ಬಹಳ ಇತ್ತು," ಎಂದಳು.

ಯಾರೋ ಚಪ್ಪಾಳೆ ತಟ್ಟಿದರು. ಕೊಟ್ಟ ಕೇಕು ಚೆನ್ನಾಗಿತ್ತು, ಎರಡು ತುಂಡು ತಿಂದಳು. ನಾಳೆಗೆ ಎರಡು ಮೂಟೆ ಆಲೂಗಡ್ಡೆ ಸುಲಿಯುವುದಿತ್ತು. ನಾಲ್ಕು ಗಂಟೆಯ ಬಸ್ಸಿಗೆ ಮನೆಗೆ ಹೋದಳು.