ಒಂದು ಬುಟ್ಟಿ ಹೆಪ್ಪು ಮಣ್ಣು

ಮೊನ್ನೆ ಮಳೆ ಬಿಟ್ಟ ಮೇಲೆ ಹರಿವೆ ಸಾಲಿನ ತರಗೆಲೆ ಸರಿಸಿದೆ. ಅಡಿಯಿಂದ ಅಣಬೆಯಂಥ ತಣ್ಣನೆಯ ವಾಸನೆ ಎದ್ದಿತು. ಕೈ ಹಾಗೇ ನಿಂತಿತು... ನೆರೆಮನೆಯ ಅಕ್ಕ ನೆನಪಾದರು.

ಅವರು ಮೊದಲು ಮೊಗ್ರಾಲಿನಲ್ಲಿದ್ದವರು, ಹೈವೇ ಬದಿಯಲ್ಲಿ. ರಸ್ತೆ ಅಗಲವಾಗುವಾಗ ಹಿತ್ತಿಲು ಹೋಯಿತು. ಸೀತಾಂಗೋಳಿ ಹತ್ತಿರ, ನಮ್ಮ ಪಕ್ಕದಲ್ಲೇ ಜಾಗ ತೆಗೆದುಕೊಂಡರು. ಗುಡ್ಡ ಕಡಿದು ಸಮತಟ್ಟು ಮಾಡಿಕೊಟ್ಟವನು ನಾನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಜೇಸಿಬಿಯಲ್ಲಿ ನನ್ನಷ್ಟು ಹದವಾಗಿ ನೆಲ ಕೆರೆಯುವವರು ಈ ಕಡೆ ಇರಲಿಲ್ಲ, ಈಗಲೂ ಇಲ್ಲ.

ಆದರೆ ಗುಡ್ಡದ ಗಟ್ಟಿ ಮುರಕಲ್ಲಿನ ಮೇಲೆ ತಂದು ಹಾಕಿದ ಕೆಂಪುಮಣ್ಣಿನಲ್ಲಿ ಅವರ ಹರಿವೆ ಗೇಣುದ್ದವೂ ಏಳಲಿಲ್ಲ. ಗೊಬ್ಬರ ಹಾಕಿದರೂ ಎಲೆ ಹಳದಿ. ಕುಂಬಳೆ ಪೇಟೆಗೆ ಸೊಪ್ಪು ಕೊಟ್ಟೇ ಸಂಸಾರ ನಡೆಸಿದವರು ಅವರು. ಒಂದು ದಿನ ಬೇಲಿಯ ಹತ್ತಿರ ಬಂದರು.

"ಹಳೇ ಹಿತ್ತಿಲಿಗೆ ಇನ್ನೂ ಡಾಮರು ಬೀಳ್ಲಿಲ್ಲ. ಮಣ್ಣು ತರುವ, ಬಾ ಮಾರಾಯ."

"ಟಿಪ್ಪರ್ ತರ್ತೇನೆ ಅಕ್ಕ."

"ಟಿಪ್ಪರ್ ಎಂತಕ್ಕೆ? ಮೊಸರಿಗೆ ಹಂಡೆಗಟ್ಟಲೆ ಹೆಪ್ಪು ಹಾಕ್ತಾರಾ? ಬುಟ್ಟಿ ತಾ, ಸಾಕು."

ಎಲೆ ಕೊಳೆತು ಕಪ್ಪಾಗಿದ್ದ ಮೇಲ್ಮಣ್ಣನ್ನು ಮಾತ್ರ ಕೆರೆದೆವು. ಬಿಸಿಲು ತಾಗದಂತೆ ಒದ್ದೆ ಗೋಣಿ ಮುಚ್ಚಿ ತಂದೆವು. ಅಕ್ಕ ಅದನ್ನು ಕೆಂಪುಮಣ್ಣಿಗೆ ಬೆರೆಸಿ, ಸೆಗಣಿ ಹಾಕಿ, ತರಗೆಲೆ ಹೊದೆಸಿದರು.

ಕೃಷಿಭವನದಿಂದ ಬಂದಿದ್ದ ಮೇಡಂ ನೋಡಿ ಖುಷಿಪಟ್ಟರು. ಕಣ್ಣಿಗೆ ಕಾಣದ ಜೀವಿಗಳು ಒಳ್ಳೆಯ ಮಣ್ಣಿನಲ್ಲಿ ನೂರಾರು ಬಗೆ ಇರುತ್ತವಂತೆ. ಕೆಲವು ಎಲೆ ಕರಗಿಸುತ್ತವೆ, ಕೆಲವು ಬೇರಿಗೆ ಆಹಾರ ಮುಟ್ಟಿಸುತ್ತವೆ, ಕೆಲವು ರೋಗ ತಡೆಯುತ್ತವೆ. ಬಗೆ ಹೆಚ್ಚಿದ್ದಷ್ಟೂ ಮಣ್ಣಿಗೆ ಆರೋಗ್ಯ.

"ಅಷ್ಟು ಜನ ಉಂಟಾ ನನ್ನ ಹಿತ್ತಿಲಲ್ಲಿ?" ಅಕ್ಕ ನಕ್ಕರು. "ಬಾಡಿಗೆ ಕೇಳ್ಬೇಕಿತ್ತು!"

ಮರುವರ್ಷ ಹರಿವೆ ಸೊಂಟಕ್ಕೆ ಬಂತು. ಕುಂಬಳೆಗೆ ಮತ್ತೆ ಸೊಪ್ಪಿನ ಕಟ್ಟು ಹೋಯಿತು. ಅಕ್ಕ ನಮ್ಮ ಮನೆಗೂ ಒಂದು ಬುಟ್ಟಿ ಮಣ್ಣು ತಂದುಕೊಟ್ಟರು.

"ನನ್ನದು ಹಾಳಾದರೆ ನಿನ್ನಲ್ಲಿ ಕೇಳ್ತೇನೆ. ಆಗ ಇಲ್ಲ ಅನ್ಬಾರ್ದು."

ಅವರು ತೀರಿಹೋದ ಮೇಲೆ ಮನೆ ಬೇರೆಯವರ ಕೈಗೆ ಹೋಯಿತು. ಅಂಗಳದಿಂದ ಹಿತ್ತಿಲವರೆಗೆ ಇಂಟರ್‌ಲಾಕ್ ಸಿಮೆಂಟ್ ಕಲ್ಲು ಹಾಸಿದ್ದಾರೆ. ಚೊಕ್ಕವಾಗಿದೆ, ಒಂದು ಹುಲ್ಲೂ ಇಲ್ಲ... ಆ ಮಣ್ಣು ಈಗ ಉಳಿದಿರುವುದು ನನ್ನ ಈ ಸಾಲಿನಲ್ಲಿ ಮಾತ್ರ. ಅದರಲ್ಲಿ ಅವರದ್ದೆಷ್ಟು, ನನ್ನದೆಷ್ಟು ಎಂದು ಬೇರ್ಪಡಿಸಲು ನನಗೂ ಬರುವುದಿಲ್ಲ.

ತರಗೆಲೆಯನ್ನು ಮೊದಲಿನಂತೆ ಮುಚ್ಚಿದೆ. ಬುಟ್ಟಿ ತುಂಬ ಕೊಡುವಷ್ಟು ಉಂಟು. ಬೇಲಿಯ ಹತ್ತಿರ ಬಂದು ಕೇಳಲು ಅಕ್ಕ ಇಲ್ಲ.