ಬೋರಲು ಹಾಕಿದ ಚಿತ್ರ

ನಮ್ಮ ಸೋದರಮಾವ ಚಿತ್ರಗಳಿಗೆ ಫ್ರೇಮು ಹಾಕುವವರು. ಊರಿನ ಅರ್ಧ ಗೋಡೆಗಳ ಮೇಲೆ ಅವರ ಕೆಲಸವಿದೆ. ಆದರೆ ಅಷ್ಟು ಚಿತ್ರಗಳಲ್ಲಿ ಒಂದನ್ನಾದರೂ ಅವರು ನೋಡಿದ್ದರೋ ಎಂಬುದೇ ಅನುಮಾನ. ಚಿತ್ರ ಬಂದ ಕೂಡಲೇ ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಬೋರಲು ಹಾಕಿಬಿಡುತ್ತಿದ್ದರು. ಬಣ್ಣಕ್ಕೆ ಕೈ ತಾಗಬಾರದಲ್ಲ. ಅಳತೆ, ರಟ್ಟು, ಮೊಳೆ ಎಲ್ಲ ಬೆನ್ನ ಕಡೆಯಿಂದಲೇ. "ಏನು ಚಿತ್ರ ಮಾವ?" ಎಂದರೆ "ಅಡ್ಡ ಚಿತ್ರ" ಎನ್ನುವರು, ಇಲ್ಲವೇ "ಉದ್ದ ಚಿತ್ರ". ನಮಗೆ ನಗು ಬರುತ್ತಿತ್ತು. ಅತ್ತೆಗೆ ಬರುತ್ತಿರಲಿಲ್ಲ.

ಅತ್ತೆ ಚಿತ್ರ ಬರೆಯುತ್ತಿದ್ದರು. ಅಂಗಡಿಯ ಮೇಲೆಯೇ ಮನೆ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಬಣ್ಣದ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಕೂತರೆ ಅವರಿಗೆ ಲೋಕವೇ ಬೇಡ. ಮುಗಿದ ಮೇಲೆ ಮಾವನನ್ನು ಕರೆಯುವರು.

"ಒಂದ್ ಸ್ವಲ್ಪ ಕೂತು ನೋಡ್ರಿ."

"ನೋಡ್ತೀನಿ, ನೋಡ್ತೀನಿ. ಕೆಳಗೆ ಗಿರಾಕಿ ಕಾಯ್ತಿದಾನೆ."

ಆ ಗಿರಾಕಿ ಇವರ ಮದುವೆಯಾದಾಗಿನಿಂದ ಕಾಯುತ್ತಲೇ ಇದ್ದ.

ಕೆಟ್ಟವರಲ್ಲ ನಮ್ಮ ಮಾವ. ಹೆಂಡತಿಗೆ ತಲೆನೋವೆಂದರೆ ಅಂಗಡಿ ಬಾಗಿಲು ಎಳೆದು ಮೇಲಕ್ಕೆ ಓಡುವ ಪ್ರಾಣಿ. ಸುಮ್ಮನೆ ಕೂರುವುದೊಂದು ಬರುತ್ತಿರಲಿಲ್ಲ. ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಹಿಂದೆಯೇ ಪಾಪ ಅನಿಸುತ್ತದೆ.

ಕೊನೆಯ ಕಾಯಿಲೆಯಲ್ಲಿ ಅತ್ತೆ ದಿಂಬಿಗೆ ಒರಗಿಕೊಂಡೇ ಒಂದು ದೊಡ್ಡ ಚಿತ್ರ ಬರೆದರು. "ಇದು ನಿಮಗೆ. ಇದನ್ನಾದ್ರೂ ಪುರಸೊತ್ತಾಗಿ ನೋಡಿ" ಎಂದರು. ಮಾವನ ಕಣ್ಣು ತುಂಬಿಬಂತು. ತುಂಬಿದ ಕಣ್ಣಿಗೆ ಏನು ಕಾಣಬೇಕು? ಹೆಂಡತಿಯ ಚಿತ್ರಕ್ಕೆ ಅಂಗಡಿಯಲ್ಲೇ ಒಳ್ಳೆಯ ಫ್ರೇಮು ಹಾಕಬೇಕೆಂಬುದೊಂದೇ ತಲೆಯಲ್ಲಿ. ಯಾರಿಗೂ ಮಾರದೆ ಎತ್ತಿಟ್ಟ ತೇಗದ ಫ್ರೇಮೊಂದಿತ್ತು. ಚಿತ್ರವನ್ನು ಕೆಳಗೊಯ್ದು ಎಂದಿನಂತೆ ಬೋರಲು ಹಾಕಿದರು. ಫ್ರೇಮಿಗಿಂತ ಒಂದು ಕಡೆ ನಾಲ್ಕು ಬೆರಳಗಲ ಹೆಚ್ಚಾಗಿತ್ತು. ಅಂಚು ತಾನೇ ಎಂದು ಪಟ್ಟಿ ಇಟ್ಟು ಕತ್ತರಿಸಿ, ಚೂರನ್ನು ಕಸಕ್ಕೆ ಹಾಕಿದರು. ಸಂಜೆಯೊಳಗೆ ಹಾಸಿಗೆಯ ಎದುರು ಗೋಡೆಗೆ ತೂಗುಹಾಕಿ, ಗಾಜು ಒರೆಸಿ, "ಹೇಗಿದೆ?" ಎಂದರು.

ನಾನು ಬೆನ್ನು ತಿರುಗಿಸಿ ಔಷಧಿ ಬೆರೆಸುತ್ತಿದ್ದೆ. ಹಾಸಿಗೆ ಕಿರುಗುಟ್ಟಿತು, ಅತ್ತೆ ನೋಡಲು ಮುಂದಕ್ಕೆ ಬಾಗಿರಬೇಕು. ಆಮೇಲೆ, "ಕೆಲಸ ಚೆನ್ನಾಗಿದೆ" ಎಂದರು. ಆ ಹಾಸಿಗೆಯಿಂದ ಅವರು ಏಳಲಿಲ್ಲ.

ಅವರು ಹೋದ ಮೇಲೆ ಮಾವ ಅಂಗಡಿ ತೆರೆಯಲಿಲ್ಲ. ಒಂದು ಮಧ್ಯಾಹ್ನ ಊಟ ತೆಗೆದುಕೊಂಡು ಹೋದಾಗ ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬಾ, ಕೂತ್ಕೋ. ನೋಡು."

ಅದೇ ಕಿಟಕಿ. ಕಿಟಕಿಯ ಬಳಿ ಅತ್ತೆ, ಪಕ್ಕಕ್ಕೆ ತಿರುಗಿ ಯಾರನ್ನೋ ನೋಡಿ ನಗುತ್ತಿದ್ದಾರೆ. ಅವರ ಎದುರಿಗೆ ಒಂದು ಮೊಣಕಾಲು, ಅದರ ಮೇಲೊಂದು ಕೈ. ಸುತ್ತಿಗೆಯ ಪೆಟ್ಟು ಬಿದ್ದು ಹೆಬ್ಬೆರಳಿನ ಉಗುರು ಸೀಳಿದೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಮಾವ ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. "ನನ್ನನ್ನ ಹತ್ರ ಕೂರಿಸ್ಕೊಂಡಿದ್ಲು ಕಣೇ. ನಾನೇ ಕತ್ತರಿಸಿ ಹಾಕ್ದೆ."

ನಾನು ಊಟದ ಡಬ್ಬಿ ಕೆಳಗಿಟ್ಟು ಅವರ ಪಕ್ಕ ಕೂತೆ.

"ಅವಳಿಗೆ ಆಗಲೇ ಗೊತ್ತಾಗಿತ್ತು" ಎಂದರು. "ಒಂದು ಮಾತು ಬೈಯಬಾರದಿತ್ತಾ? ಬೈದಿದ್ರೆ ಓಡಿಹೋಗಿ ಹೆಕ್ಕಿ ತರ್ತಿದ್ದೆ. ಅವತ್ತು ಸಂಜೆ ಕಸ ಇನ್ನೂ ಅಂಗಡಿಯಲ್ಲೇ ಇತ್ತು."